ಮಂತ್ರಿ ಮಾಡ್ತೀವಿ ಬನ್ನಿ ಅಂತ ಬಾಗ್ದಾದ್‌ನಿಂದ ಕರೆ ಬಂದ್ರೆ?

ಮೆಟ್ರೋದಲ್ಲಿ ನೇತಾಡ್ತಾ ಕೇಳ್ತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ, ಆಫೀಸಲ್ಲಿ ಎಕ್ಸೆಲ್ ಓಪನ್ ಇಟ್ಕೊಂಡು ಕದ್ದು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಪ್ರಶ್ನೆ ಕೇಳೋಕೆ ಸ್ವಲ್ಪ ತಮಾಷೆಯಾಗಿದೆ. ಯಾವುದೋ ಒಂದು ಅರಬ್ ದೇಶದವರು ನಿಮ್ಮನ್ನ ಕರೆದು, "ನಮ್ಮ ಸರ್ಕಾರದಲ್ಲಿ ಮಂತ್ರಿ ಆಗ್ತೀರಾ?" ಅಂದ್ರೆ ಏನು ಹೇಳ್ತೀರಿ?

ಇದು ಬರೀ ಕಲ್ಪನೆ ಅಂದ್ಕೋಬೇಡಿ. 2018ರ ಅಕ್ಟೋಬರ್‌ನಲ್ಲಿ ಇರಾಕ್‌ನಲ್ಲಿ ಅದಿಲ್ ಅಬ್ದುಲ್ ಮಹ್ದಿ ಅನ್ನೋರು ಪ್ರಧಾನಿಯಾಗಿ ನೇಮಕ ಆದ್ರು. ಸಂಪುಟ ಇನ್ನೂ ಆಗಿರಲಿಲ್ಲ. ಅವರು ಏನು ಮಾಡಿದ್ರು ಗೊತ್ತಾ? ಒಂದು ವೆಬ್‌ಸೈಟ್ ತೆರೆದು, ಮಂತ್ರಿ ಆಗೋಕೆ ಆಸೆ ಇರೋರು ಅರ್ಜಿ ಹಾಕಿ ಅಂದ್ರು. ನೌಕ್ರಿ ಡಾಟ್ ಕಾಮ್‌ನಲ್ಲಿ ಹಾಕ್ತೀವಲ್ಲ, ಹಾಗೆ. ಯಾವ ಖಾತೆ ಬೇಕು, ಏನು ಓದಿದ್ದೀರಿ, ಬಂದ್ರೆ ಏನು ಮಾಡ್ತೀರಿ, ಎಲ್ಲ ತುಂಬಬೇಕು. ಕೆಲವೇ ದಿನದಲ್ಲಿ 36,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ರು.

ಆ 36,000 ಜನರನ್ನ ನೋಡಿ ನಗೋದು ಸುಲಭ. ನನಗೆ ನಗು ಬರ್ಲಿಲ್ಲ. ಅದರಲ್ಲಿ ಯಾರೋ ಬಸ್ರಾದ ಕಾಲೇಜು ಮೇಷ್ಟ್ರು ಇರ್ತಾರೆ, ಯಾರೋ ಮೊಸುಲ್‌ನ ಡಾಕ್ಟರ್ ಇರ್ತಾರೆ, ನನ್ನ ಹಾಗೆ ಬಿಕಾಂ ಮಾಡಿ "ಈ ಬಜೆಟ್‌ನ ನಾನು ಇದಕ್ಕಿಂತ ಚೆನ್ನಾಗಿ ಮಾಡ್ತೀನಿ" ಅಂತ ಟೀ ಅಂಗಡಿಯಲ್ಲಿ ಹೇಳೋನು ಒಬ್ಬ ಖಂಡಿತ ಇರ್ತಾನೆ. ಅವನಿಗೆ ಕೆಲಸ ಸಿಕ್ಕಿದ್ರೆ ಏನಾಗ್ತಿತ್ತು, ಅನ್ನೋದೇ ಇವತ್ತಿನ ಮಾತು.

ಮೊದಲು ಒಂದು ವಿಷಯ ಮುಗಿಸಿಬಿಡ್ತೀನಿ. ನಾವು, ಅಂದ್ರೆ ಕುಂದಾಪುರದವನೋ ಕಲಬುರಗಿಯವಳೋ, ನಿಜವಾಗಿ ಅಲ್ಲಿ ಮಂತ್ರಿ ಆಗಬಹುದಾ? ಈಗ ಆಗಲ್ಲ. ಆ ದೇಶದ ಪೌರತ್ವ ಬೇಕು, ಗಲ್ಫ್ ದೇಶಗಳಲ್ಲಿ ಮೂವತ್ತು ವರ್ಷ ದುಡಿದ್ರೂ ಅದು ಸಿಗೋದು ದುರ್ಲಭ. ಸಿಕ್ಕಿತು ಅಂತಾನೇ ಇಟ್ಕೊಳ್ಳಿ, ಭಾರತದ ಪಾಸ್‌ಪೋರ್ಟ್ ವಾಪಸ್ ಕೊಡಬೇಕು, ಯಾಕಂದ್ರೆ ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶ ಇಲ್ಲ. ಹಿಂದೆ ಹೊರಗಿನವರು ಆಗಿದ್ದುಂಟು. ಸೌದಿ ದೊರೆ ಅಬ್ದುಲ್ ಅಜೀಜ್‌ಗೆ ವೈದ್ಯರಾಗಿದ್ದ ರಶಾದ್ ಫರಾನ್ ಸಿರಿಯಾ ಮೂಲದವರು, ಮುಂದೆ ಸೌದಿಯ ಆರೋಗ್ಯ ಮಂತ್ರಿ ಆದ್ರು. ನಮ್ಮ ಮೈಸೂರಿಗೂ ಪಾಲಕ್ಕಾಡ್ ಕಡೆಯ ಶೇಷಾದ್ರಿ ಅಯ್ಯರ್ ದಿವಾನರಾಗಿ 18 ವರ್ಷ ಇರ್ಲಿಲ್ವಾ? ದೊರೆಗಳ ಕಾಲದಲ್ಲಿ ಕೆಲಸ ಗೊತ್ತಿದ್ರೆ ಸಾಕಿತ್ತು, ಊರು ಯಾವುದಾದ್ರೂ ಆಗ್ತಿತ್ತು. ಆಗಲೂ "ಹೊರಗಿನವನು" ಅನ್ನೋ ಗೊಣಗಾಟ ಇದ್ದೇ ಇತ್ತು, ಅದು ಬೇರೆ ಮಾತು.

ಹಾಗಾಗಿ ಪೌರತ್ವದ ಪ್ರಶ್ನೆ ಪಕ್ಕಕ್ಕಿಟ್ಟು, ಆ ಕುರ್ಚಿಯಲ್ಲಿ ನಿಜವಾಗಿ ಕೂತವರ ಕಥೆ ನೋಡೋಣ.

ಇರಾಕ್‌ನಿಂದಲೇ ಶುರು ಮಾಡ್ತೀನಿ. 2003ರಲ್ಲಿ ಸದ್ದಾಂ ಹೋದ ಮೇಲೆ ಅಲ್ಲಿ ಒಂದು ವ್ಯವಸ್ಥೆ ಬಂತು, ಅರಬಿಯಲ್ಲಿ 'ಮುಹಾಸಸಾ' ಅಂತಾರೆ, ಅಂದ್ರೆ ಪಾಲು ಹಂಚಿಕೆ. ಪ್ರಧಾನಿ ಶಿಯಾ, ರಾಷ್ಟ್ರಪತಿ ಕುರ್ದ್, ಸ್ಪೀಕರ್ ಸುನ್ನಿ. ಅದರ ಕೆಳಗೆ ಖಾತೆಗಳೂ ಪಕ್ಷಗಳ ನಡುವೆ ಹಂಚಿಕೆ. ಇದೇನು, ನಮ್ಮಲ್ಲೂ ಸಂಪುಟ ವಿಸ್ತರಣೆ ಅಂದ್ರೆ ಜಾತಿ, ಜಿಲ್ಲೆ, ಹೈಕಮಾಂಡ್ ಲೆಕ್ಕ ಇಲ್ವಾ ಅಂತ ನೀವು ಕೇಳ್ತೀರಿ. ಇದೆ. ಆದ್ರೆ ಇಲ್ಲೊಂದು ವ್ಯತ್ಯಾಸ ಇದೆ. ಅಲ್ಲಿ ಹಂಚಿಕೆ ಮಂತ್ರಿಯ ಕುರ್ಚಿಗೆ ನಿಲ್ಲಲ್ಲ. ಮಂತ್ರಿಯ ಕೆಳಗಿನ ಉಪಮಂತ್ರಿ, ಮಹಾನಿರ್ದೇಶಕ, ಸರ್ಕಾರಿ ಕಂಪನಿಗಳ ಮುಖ್ಯಸ್ಥ, ಈ ಹುದ್ದೆಗಳಿಗೂ ಪಕ್ಷಗಳು ತಮ್ಮ ಜನರನ್ನ ಕೂರಿಸ್ತವೆ. ಮಂತ್ರಿ ಬರ್ತಾನೆ, ಹೋಗ್ತಾನೆ. ಮಹಾನಿರ್ದೇಶಕ ಅಲ್ಲೇ ಇರ್ತಾನೆ. ಅವನ ಬಾಸ್ ಮಂತ್ರಿ ಅಲ್ಲ, ಹೊರಗೆ ಇರೋ ಪಕ್ಷ. ಟೆಂಡರ್ ಯಾರಿಗೆ ಹೋಗಬೇಕು ಅಂತ ನೋಡ್ಕೊಳ್ಳೋಕೆ ಪಕ್ಷಗಳೇ ಇಟ್ಟ ಸಮಿತಿಗಳೂ ಇವೆ.

ಈಗ ಇಂಥಾ ಜಾಗಕ್ಕೆ ಒಬ್ಬ ಒಳ್ಳೇ ಮನುಷ್ಯನನ್ನ ಕಳಿಸಿ ನೋಡಿ. ಕಳಿಸಿದ್ರು ಕೂಡ. ಅಲಾ ಅಲ್ವಾನ್ ಅಂತ ಡಾಕ್ಟರ್. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಆ ಇಡೀ ಪ್ರದೇಶದ ನಿರ್ದೇಶಕರಾಗಿದ್ದವರು. 2018ರಲ್ಲಿ ಅಬ್ದುಲ್ ಮಹ್ದಿ ಸಂಪುಟದಲ್ಲಿ ಆರೋಗ್ಯ ಮಂತ್ರಿ ಆದ್ರು. ಇದಕ್ಕಿಂತ ಒಳ್ಳೇ ಬಯೋಡೇಟಾ ಎಲ್ಲಿ ಸಿಗುತ್ತೆ ಹೇಳಿ? ಒಂದು ವರ್ಷ ತುಂಬೋಕೆ ಮುಂಚೆ, 2019ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ. ಕೆಲಸ ಮಾಡೋಕೆ ಬಿಡ್ತಿಲ್ಲ, ಒತ್ತಡ ಹಾಕ್ತಿದ್ದಾರೆ, ಅಪಪ್ರಚಾರ ಮಾಡ್ತಿದ್ದಾರೆ ಅನ್ನೋದು ಅವರ ಕಾರಣ. ಮುಂದಿನ ತಿಂಗಳೇ ಇರಾಕ್‌ನ ಹುಡುಗರು ಬೀದಿಗೆ ಇಳಿದ್ರು. 400ಕ್ಕೂ ಹೆಚ್ಚು ಜನ ಸತ್ತ ಮೇಲೆ, ವೆಬ್‌ಸೈಟ್ ತೆರೆದಿದ್ದ ಆ ಪ್ರಧಾನಿಯೂ ನವೆಂಬರ್ ಕೊನೆಗೆ ರಾಜೀನಾಮೆ ಕೊಟ್ರು.

ಆದ್ರೆ ನನ್ನ ತಲೆಯಿಂದ ಹೋಗದೇ ಇರೋದು ಇನ್ನೊಬ್ಬರ ಕಥೆ. ಕಾಮರ್ಸ್ ಓದಿದವನು ನಾನು, ಹಣಕಾಸು ಖಾತೆ ಅಂದ್ರೆ ಕಿವಿ ನೆಟ್ಟಗಾಗುತ್ತೆ.

ಅಲಿ ಅಲ್ಲಾವಿ. 1947ರಲ್ಲಿ ಬಾಗ್ದಾದ್‌ನಲ್ಲಿ ಹುಟ್ಟಿದವರು. ಎಂಐಟಿಯಲ್ಲಿ ಎಂಜಿನಿಯರಿಂಗ್, ಹಾರ್ವರ್ಡ್‌ನಲ್ಲಿ ಎಂಬಿಎ. 2003ರ ನಂತರ ವ್ಯಾಪಾರ, ರಕ್ಷಣೆ, ಹಣಕಾಸು, ಮೂರೂ ಖಾತೆ ನೋಡಿದ್ರು. ಆಮೇಲೆ ಹೊರಗೆ ಬಂದು, ಅಮೆರಿಕ ಇರಾಕ್‌ನ ಹೇಗೆ ಹಾಳು ಮಾಡ್ತು ಅಂತ ದಪ್ಪ ಪುಸ್ತಕ ಬರೆದ್ರು. ಅಂದ್ರೆ ಈ ಮನುಷ್ಯನಿಗೆ ಅಲ್ಲಿನ ಸ್ಥಿತಿ ಗೊತ್ತಿಲ್ಲ ಅನ್ನೋ ಹಾಗಿಲ್ಲ. ಎಲ್ಲಾ ಗೊತ್ತಿತ್ತು. ಆದ್ರೂ 2020ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮುಸ್ತಫಾ ಅಲ್ ಕಾದಿಮಿ ಸರ್ಕಾರದಲ್ಲಿ ಮತ್ತೆ ಹಣಕಾಸು ಮಂತ್ರಿ ಆಗೋಕೆ ಒಪ್ಪಿದ್ರು.

ಒಪ್ಪಿದ ಸಮಯ ನೋಡಿ. ಕೋವಿಡ್ ಶುರುವಾಗಿ ಕಚ್ಚಾ ತೈಲದ ಬೆಲೆ ನೆಲಕ್ಕೆ ಬಿದ್ದಿತ್ತು. ಇರಾಕ್ ಸರ್ಕಾರದ ಆದಾಯದಲ್ಲಿ ಶೇ 90ಕ್ಕಿಂತ ಹೆಚ್ಚು ಬರೋದೇ ತೈಲದಿಂದ. ಸರ್ಕಾರಿ ಸಂಬಳ, ಪಿಂಚಣಿಗೇ ತಿಂಗಳಿಗೆ ಸುಮಾರು 500 ಕೋಟಿ ಡಾಲರ್ ಬೇಕು. ಪೆಟ್ಟಿಗೆಯಲ್ಲಿ ಅಷ್ಟು ಇಲ್ಲ. ನೀವು ಮಂತ್ರಿ. ಏನು ಮಾಡ್ತೀರಿ?

ಅಲ್ಲಾವಿ ಅಕ್ಟೋಬರ್‌ನಲ್ಲಿ ಸುಧಾರಣೆಯ ಶ್ವೇತಪತ್ರ ತಂದ್ರು. ಡಿಸೆಂಬರ್‌ನಲ್ಲಿ ದಿನಾರ್ ಬೆಲೆ ಇಳಿಸಿದ್ರು. ಡಾಲರ್‌ಗೆ ಹೆಚ್ಚು ಕಡಿಮೆ 1,180 ಇದ್ದದ್ದು 1,450 ಆಯ್ತು. ಇದನ್ನ ಪೇಪರ್ ಮೇಲೆ ನೋಡಿದ್ರೆ ಬುದ್ಧಿವಂತ ಲೆಕ್ಕ. ತೈಲ ಮಾರಿದ್ರೆ ಬರೋದು ಡಾಲರ್, ಸಂಬಳ ಕೊಡೋದು ದಿನಾರ್‌ನಲ್ಲಿ, ಹಾಗಾಗಿ ಅದೇ ಡಾಲರ್‌ಗೆ ಹೆಚ್ಚು ದಿನಾರ್ ಸಿಗುತ್ತೆ, ಸಂಬಳ ಕೊಡಬಹುದು. ಆದ್ರೆ ಸಂಬಳ ತಗೊಳ್ಳೋನ ಕಡೆಯಿಂದ ನೋಡಿ. ತಿಂಗಳಿಗೆ 10 ಲಕ್ಷ ದಿನಾರ್ ತರೋ ಒಬ್ಬ ಮೇಷ್ಟ್ರ ಸಂಬಳ ಮೊದಲು ಸುಮಾರು 850 ಡಾಲರ್‌ಗೆ ಸಮ ಇತ್ತು. ಒಂದೇ ಸಹಿಗೆ ಅದು 690 ಆಯ್ತು. ಅಡುಗೆ ಎಣ್ಣೆಯಿಂದ ಔಷಧಿವರೆಗೆ ಬಹುತೇಕ ಎಲ್ಲ ಹೊರಗಿಂದ ಬರೋ ದೇಶ ಅದು.

ಸಹಿ ಹಾಕ್ತಿದ್ರಾ ನೀವು? ಹಾಕದಿದ್ರೆ ಮುಂದಿನ ತಿಂಗಳ ಸಂಬಳಕ್ಕೆ ದುಡ್ಡಿಲ್ಲ. ಹಾಕಿದ್ರೆ ಊರೆಲ್ಲ ನಿಮ್ಮ ಹೆಸರು ಹೇಳಿ ಶಾಪ ಹಾಕುತ್ತೆ. ಒಳಗೊಳಗೆ ಒಪ್ಪಿದ್ದ ಪಕ್ಷಗಳೂ ಹೊರಗೆ ಬಂದು ನಿಮ್ಮ ಕಡೆ ಬೆರಳು ತೋರಿಸ್ತವೆ, ಯಾಕಂದ್ರೆ ನಿಮಗೆ ಪಕ್ಷ ಇಲ್ಲ, ನಿಮ್ಮ ಪರ ಮಾತಾಡೋ ಟಿವಿ ಚಾನೆಲ್ ಇಲ್ಲ. ಪಕ್ಷ ಇಲ್ಲದ ತಜ್ಞ ಅಂತ ಕರೆದು ಕೂರಿಸೋದರ ಅನುಕೂಲವೇ ಇದು ಅಂತ ನನಗೆ ಎಷ್ಟೋ ಸಲ ಅನಿಸುತ್ತೆ. ಕಹಿ ಔಷಧಿ ಕುಡಿಸೋಕೆ ಒಬ್ಬ ಬೇಕು, ಆಮೇಲೆ ಬೈಸ್ಕೊಳ್ಳೋಕೂ ಅವನೇ ಬೇಕು.

2022ರ ಆಗಸ್ಟ್ 16. ಸಂಪುಟ ಸಭೆಯಲ್ಲೇ ಅಲ್ಲಾವಿ ರಾಜೀನಾಮೆ ಕೊಟ್ರು. ಒಂದು ಸಾಲಿನ ಪತ್ರ ಅಲ್ಲ, "ವೈಯಕ್ತಿಕ ಕಾರಣ" ಅಲ್ಲ. ಹಿರಿಯ ಅಧಿಕಾರಿಗಳು, ಉದ್ಯಮಿಗಳು, ರಾಜಕಾರಣಿಗಳು ಸೇರಿ ನೆಲದಡಿ ಜಾಲ ಕಟ್ಟಿಕೊಂಡು ಸರ್ಕಾರದ ದುಡ್ಡನ್ನ ಹೇಗೆ ಎಳ್ಕೊಳ್ತಾರೆ ಅಂತ ವಿವರವಾಗಿ ಬರೆದ ಉದ್ದನೆಯ ಪತ್ರ.

ಎರಡೇ ತಿಂಗಳು. ಅವರ ನಂತರ ಹಂಗಾಮಿಯಾಗಿ ಹಣಕಾಸು ನೋಡ್ಕೊಳ್ತಿದ್ದ ತೈಲ ಮಂತ್ರಿ ಇಹ್ಸಾನ್ ಅಬ್ದುಲ್ ಜಬ್ಬಾರ್ ಒಂದು ಲೆಕ್ಕ ಹೊರಗೆ ಹಾಕಿದ್ರು. ತೆರಿಗೆ ಇಲಾಖೆಯ ಬ್ಯಾಂಕ್ ಖಾತೆಯಿಂದ 3.7 ಲಕ್ಷ ಕೋಟಿ ದಿನಾರ್, ಅಂದ್ರೆ ಸುಮಾರು 250 ಕೋಟಿ ಡಾಲರ್ ಮಾಯ. ಇರಾಕ್ ಜನ ಇದನ್ನ 'ಶತಮಾನದ ಕಳ್ಳತನ' ಅಂತಾರೆ.

ಬಿಕಾಂ ಗೆಳೆಯರೇ, ಇದನ್ನ ಗಮನ ಇಟ್ಟು ಕೇಳಿ. ಅಲ್ಲಿ ಕೆಲಸ ಮಾಡೋ ಕಂಪನಿಗಳು ತೆರಿಗೆ ಬಾಬ್ತಿಗೆ ಅಂತ ಮುಂಗಡವಾಗಿ ಒಂದಷ್ಟು ದುಡ್ಡು ಠೇವಣಿ ಇಡಬೇಕು. ಕೆಲಸ ಮುಗಿದು, ಲೆಕ್ಕಪತ್ರ ಕೊಟ್ಟು, ಕಟ್ಟಬೇಕಾದ ತೆರಿಗೆ ಕಳೆದು ಉಳಿದದ್ದು ವಾಪಸ್. ನಮ್ಮ ಟಿಡಿಎಸ್ ರಿಫಂಡ್ ಥರ ಅಂದ್ಕೊಳ್ಳಿ. ಆದ್ರೆ ವಾಪಸ್ ಪಡೆಯೋದು ಎಷ್ಟು ತಲೆನೋವು ಅಂದ್ರೆ ಎಷ್ಟೋ ಕಂಪನಿಗಳು ಕೇಳೋಕೇ ಬರಲ್ಲ. ಹಾಗೆ ಯಾರೂ ಕೇಳದ ದುಡ್ಡು ಬೆಟ್ಟದ ಹಾಗೆ ಬೆಳೆದಿತ್ತು. 2021ರ ಸೆಪ್ಟೆಂಬರ್‌ನಿಂದ 2022ರ ಆಗಸ್ಟ್‌ವರೆಗೆ, 247 ಚೆಕ್‌ಗಳಲ್ಲಿ, ಐದು ಕಂಪನಿಗಳು ಅದನ್ನ ತೆಗೆದ್ವು. ಬಂದೂಕು ಇಲ್ಲ, ಹ್ಯಾಕಿಂಗ್ ಇಲ್ಲ. ಚೆಕ್ ಬರೆದು, ಸರ್ಕಾರಿ ಬ್ಯಾಂಕಿನ ಕೌಂಟರ್‌ನಲ್ಲಿ. ಪಿಯುಸಿಯಲ್ಲಿ ಕಲಿಸ್ತಾರಲ್ಲ, ಪಾಸ್‌ಬುಕ್ ಪಕ್ಕ ಕ್ಯಾಶ್‌ಬುಕ್ ಇಟ್ಟು ತಾಳೆ ನೋಡೋದು, ಅದನ್ನ ತಿಂಗಳಿಗೊಮ್ಮೆ ಯಾರಾದ್ರೂ ಪ್ರಾಮಾಣಿಕವಾಗಿ ಮಾಡಿದ್ರೆ ಮೊದಲ ಕೆಲವು ಚೆಕ್‌ಗೇ ಸಿಕ್ಕಿಬೀಳಬೇಕಿತ್ತು. ಮಾಡಬೇಕಾದವರು ಯಾರು, ಅವರನ್ನ ಅಲ್ಲಿ ಕೂರಿಸಿದವರು ಯಾರು, ಅನ್ನೋದೇ ಪ್ರಶ್ನೆ.

ಇನ್ನೂ ಮುಗಿದಿಲ್ಲ. ಆ ಅವಧಿಯಲ್ಲಿ ಹಣಕಾಸು ಮಂತ್ರಿ ಆಗಿದ್ದದ್ದು ಯಾರು? ಅಲ್ಲಾವಿಯೇ. 2023ರಲ್ಲಿ ಇರಾಕ್‌ನ ಭ್ರಷ್ಟಾಚಾರ ವಿರೋಧಿ ಸಂಸ್ಥೆ ಈ ಪ್ರಕರಣದಲ್ಲಿ ಹಿಂದಿನ ಸರ್ಕಾರದ ನಾಲ್ವರ ಮೇಲೆ ಬಂಧನ ಆದೇಶ ಬಂತು ಅಂತ ಪ್ರಕಟಿಸಿತು, ಅವರಲ್ಲಿ ಮಾಜಿ ಹಣಕಾಸು ಮಂತ್ರಿಯೂ ಒಬ್ಬರು. ಅಲ್ಲಾವಿ ಆರೋಪ ತಳ್ಳಿಹಾಕಿದ್ರು. ತಪ್ಪು ಯಾರದು ಅಂತ ಮೈಕ್ ಮುಂದೆ ಕೂತು ತೀರ್ಪು ಕೊಡೋಕೆ ನಾನು ಯಾರೂ ಅಲ್ಲ. ನನ್ನನ್ನ ಹಿಡಿದು ನಿಲ್ಲಿಸೋದು ಬೇರೆ ವಿಷಯ. ಕಳ್ಳತನದ ಬಗ್ಗೆ ಪತ್ರ ಬರೆದು ಎದ್ದು ಹೋದ ಮನುಷ್ಯನ ಹೆಸರೇ ಆರೋಪಿಗಳ ಪಟ್ಟಿಯಲ್ಲಿ ಬರಬಹುದು. ಮಹಾನಿರ್ದೇಶಕನನ್ನ ತೆಗೆಯೋ ಅಧಿಕಾರ ನಿಮಗಿಲ್ಲ, ಆದ್ರೆ ಅವನ ಇಲಾಖೆಯಲ್ಲಿ ನಡೆದದ್ದಕ್ಕೆ ಉತ್ತರ ಕೊಡಬೇಕಾದವರು ನೀವು.

ಸರಿ, ಇರಾಕ್ ಬೇಡ, ಶಾಂತವಾಗಿರೋ ಕಡೆ ಹೋಗೋಣ ಅಂತೀರಾ? ಸೌದಿ ನೋಡಿ. ಅಲ್ಲಿ ಚುನಾವಣೆ ಇಲ್ಲ, ಪಕ್ಷ ಇಲ್ಲ, ರಾಜಾಜ್ಞೆಯಿಂದ ನೇಮಕ, ರಾಜಾಜ್ಞೆಯಿಂದ ವಜಾ. ಇಬ್ರಾಹಿಂ ಅಲ್ ಅಸ್ಸಾಫ್ 1996ರಿಂದ 2016ರವರೆಗೆ, 20 ವರ್ಷ ಹಣಕಾಸು ಮಂತ್ರಿ. 2017ರ ನವೆಂಬರ್‌ನಲ್ಲಿ ಭ್ರಷ್ಟಾಚಾರ ವಿಚಾರಣೆ ಅಂತ ರಿಯಾದ್‌ನ ರಿಟ್ಜ್ ಕಾರ್ಲ್‌ಟನ್ ಹೋಟೆಲ್‌ನಲ್ಲಿ ರಾಜಕುಮಾರರನ್ನ, ಉದ್ಯಮಿಗಳನ್ನ ಕೂಡಿಹಾಕಿದ್ರಲ್ಲ, ಆಗ ಇವರನ್ನೂ ಹಿಡಿದ್ರು. 2018ರ ಜನವರಿಯಲ್ಲಿ ನೋಡಿದ್ರೆ ಸಂಪುಟ ಸಭೆಯಲ್ಲಿ ಕೂತಿದ್ದಾರೆ! ಅದೇ ಡಿಸೆಂಬರ್‌ನಲ್ಲಿ ವಿದೇಶಾಂಗ ಮಂತ್ರಿ. ಹಾವು ಏಣಿ ಆಟದಲ್ಲೂ ಇಷ್ಟು ಬೇಗ ಮೇಲೆ ಕೆಳಗೆ ಆಗಲ್ಲ.

ಆದ್ರೆ ಸೌದಿ ಮಂತ್ರಿಗಳಲ್ಲಿ ನನಗೆ ಇಷ್ಟ ಆಗೋ ಒಬ್ಬರಿದ್ದಾರೆ, ಘಾಜಿ ಅಲ್ ಗೊಸೈಬಿ. 1975ರಲ್ಲಿ 35ನೇ ವಯಸ್ಸಿಗೆ ಕೈಗಾರಿಕೆ ಮತ್ತು ವಿದ್ಯುತ್ ಮಂತ್ರಿ. ಈಗ ದೈತ್ಯವಾಗಿ ಬೆಳೆದಿರೋ ಸಾಬಿಕ್ ಕಂಪನಿ 1976ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ. ಆಮೇಲೆ ಆರೋಗ್ಯ ಖಾತೆ. ಹೇಳದೆ ಕೇಳದೆ ಆಸ್ಪತ್ರೆಗೆ ಹೋಗಿ ನಿಂತುಬಿಡೋರು. ಮಂತ್ರಿಯಷ್ಟೇ ಅಲ್ಲ, ಕವಿ ಕೂಡ. 1984ರಲ್ಲಿ ಒಂದು ಪದ್ಯ ಬರೆದು ಪತ್ರಿಕೆಯ ಮೊದಲ ಪುಟದಲ್ಲಿ ಹಾಕಿಸಿದ್ರು. ಹೊರಗಿನ ರೂಪ ಹಳೇ ಕವಿ ಮುತನಬ್ಬಿ ತನ್ನ ದೊರೆ ಸೈಫ್ ಅಲ್ ದೌಲಾಗೆ ಹೇಳೋ ಮಾತು, ಸುತ್ತ ಇರೋ ಚಾಡಿಕೋರರ ಬಗ್ಗೆ ದೂರು. ಹತ್ತನೇ ಶತಮಾನದ ಕಥೆ ಅಂತ ಯಾರೂ ಅಂದ್ಕೊಳ್ಲಿಲ್ಲ. ಮಂತ್ರಿಗಿರಿ ಹೋಯ್ತು. ಬಹ್ರೇನ್‌ಗೆ, ಆಮೇಲೆ ಬ್ರಿಟನ್‌ಗೆ ರಾಯಭಾರಿ ಮಾಡಿ ಕಳಿಸಿದ್ರು. 2002ರಲ್ಲಿ ಪ್ಯಾಲೆಸ್ಟೀನ್‌ನ ಒಬ್ಬ ಆತ್ಮಹತ್ಯಾ ದಾಳಿಕೋರಳನ್ನ ಹೊಗಳಿ ಪದ್ಯ ಬರೆದ್ರು, ಅದು ನನಗೆ ಒಪ್ಪಿಗೆ ಇಲ್ಲ, ಅದನ್ನ ಮುಚ್ಚಿಟ್ಟು ಅವರನ್ನ ಹೀರೋ ಮಾಡೋಕೂ ಇಷ್ಟ ಇಲ್ಲ.

ಆಮೇಲೆ ವಾಪಸ್ ಬಂದು ಕಾರ್ಮಿಕ ಮಂತ್ರಿ ಆದ್ರು. ಸೌದಿ ಹುಡುಗರು ಕೈಕೆಲಸಕ್ಕೆ ಬರಲ್ಲ, ಎಲ್ಲದಕ್ಕೂ ಹೊರಗಿನವರು ಬೇಕು ಅನ್ನೋದು ಸಮಸ್ಯೆ. 2008ರಲ್ಲಿ ಈ ಮಂತ್ರಿ ಜೆಡ್ಡಾದ ಒಂದು ಬರ್ಗರ್ ಅಂಗಡಿಯಲ್ಲಿ ಸಮವಸ್ತ್ರ ಹಾಕ್ಕೊಂಡು ಗಿರಾಕಿಗಳಿಗೆ ಬರ್ಗರ್ ಕೊಟ್ರು, ಈ ಕೆಲಸದಲ್ಲಿ ಅವಮಾನ ಇಲ್ಲ ಅಂತ ತೋರಿಸೋಕೆ. ಅವರ ಒಂದು ಕಾದಂಬರಿಗೆ ಅವರದೇ ದೇಶದಲ್ಲಿ ನಿಷೇಧ ಇತ್ತು, ಅವರು ಅದೇ ದೇಶದ ಮಂತ್ರಿ! 2010ರಲ್ಲಿ, ಅವರು ತೀರಿಕೊಳ್ಳೋ ಸ್ವಲ್ಪ ಮುಂಚೆ ನಿಷೇಧ ತೆಗೆದ್ರು.

ಇಲ್ಲಿ ನಮ್ಮ ಮನೆ ಕಥೆ ಸ್ವಲ್ಪ ಸೇರ್ಕೊಳ್ಳುತ್ತೆ. ನನ್ನ ಸೋದರಮಾವ ಜುಬೈಲ್‌ನಲ್ಲಿ 11 ವರ್ಷ ಪೈಪ್ ಫಿಟ್ಟರ್ ಆಗಿದ್ರು. ಜುಬೈಲ್ ಅಂದ್ರೆ ಅದೇ ಸಾಬಿಕ್ ಕಾರ್ಖಾನೆಗಳ ಊರು. ಗೊಸೈಬಿ ಕಾರ್ಮಿಕ ಮಂತ್ರಿ ಆಗಿದ್ದಾಗ ಅವರು ಅಲ್ಲೇ ಇದ್ರು. ಈ ಎಪಿಸೋಡ್‌ಗೆ ಅಂತ ಫೋನ್ ಮಾಡಿ, "ಮಾವ, ಆಗಿನ ಮಂತ್ರಿ ಹೇಗಿದ್ರು?" ಅಂತ ಕೇಳಿದೆ. "ಮಂತ್ರಿ ಹೆಸರು ಯಾರಿಗೆ ಗೊತ್ತು ಮಾರಾಯ? ನಮಗೆ ಕಫೀಲನ ಹೆಸರು ಗೊತ್ತಿದ್ರೆ ಸಾಕಿತ್ತು" ಅಂದ್ರು. ಕಫೀಲ್ ಅಂದ್ರೆ ಪ್ರಾಯೋಜಕ, ನಿಮ್ಮ ವೀಸಾ ಯಾರ ಹೆಸರಲ್ಲಿ ಇದೆಯೋ ಅವನು. ಪಾಸ್‌ಪೋರ್ಟ್ ಅವನ ಹತ್ರ. ಇಕಾಮಾ, ಅಂದ್ರೆ ವಾಸದ ಪರವಾನಗಿ, ಅವನೇ ಮಾಡಿಸಬೇಕು. ಊರಿಗೆ ಹೋಗೋಕೂ ಅವನೇ ಹೂಂ ಅನ್ನಬೇಕು. ಅಜ್ಜಿ ತೀರಿಕೊಂಡಾಗ ಮಾವನಿಗೆ ಬರೋಕೆ ಒಂಬತ್ತು ದಿನ ಆಯ್ತು. ಮೂರು ದಿನ ಟಿಕೆಟ್‌ಗೆ, ಆರು ದಿನ ಆ ಸಹಿಗೆ. ಸೌದಿ ಈ ನಿಯಮಗಳನ್ನ ಸಡಿಲ ಮಾಡಿದ್ದು 2021ರ ಮಾರ್ಚ್‌ನಲ್ಲಿ, ಅದೂ ಮನೆಗೆಲಸದವರನ್ನ ಹೊರಗಿಟ್ಟು.

ಹಾಗಾಗಿ ಗಲ್ಫ್‌ನಲ್ಲಿ ಯಾವ ಖಾತೆ ಬೇಕು ಅಂದ್ರೆ ನಾನು ಕಾರ್ಮಿಕ ಖಾತೆ ಅಂತೀನಿ. ನಮ್ಮವರಿಗೆ ದುಬೈ ಅಂದ್ರೆ ಬುರ್ಜ್ ಖಲೀಫಾ ನೆನಪಾಗುತ್ತೆ. ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮ ಇದೆ. ಯಾರೋ ಮಂತ್ರಿ, ಯಾವುದೋ ಕಡತದ ಮೇಲೆ ಹಾಕಿದ ಸಹಿ. ಭಟ್ಕಳದ, ರಾಯಚೂರಿನ, ಬಿಹಾರದ, ನೇಪಾಳದ ಎಷ್ಟು ಜನರ ತಲೆ ತಣ್ಣಗಿಟ್ಟಿದೆ ಅದು! ಮೂರು ಗಂಟೆ ಬದಲು ನಾಲ್ಕು ಗಂಟೆ ಅಂತ ತಿದ್ದೋಕೆ ಒಂದು ಅವಕಾಶ ಸಿಕ್ಕರೂ, ರಾಜಾಜ್ಞೆಯಿಂದ ವಜಾ ಆಗೋದಾದ್ರೆ ಆಗ್ಲಿ, ಹೋಗ್ತೀನಿ.

ಇನ್ನೊಬ್ಬನ ಕಥೆ ಹೇಳ್ಲೇಬೇಕು, ನಮ್ಮ ವಯಸ್ಸಿಗೆ ಹತ್ತಿರದವನು. ಟ್ಯುನೀಷಿಯಾದ ಸ್ಲಿಮ್ ಅಮಾಮು, 33 ವರ್ಷ, ಪ್ರೋಗ್ರಾಮರ್, ಬ್ಲಾಗರ್. ಟ್ವಿಟರ್‌ನಲ್ಲಿ ಅವನ ಹೆಸರಿನ ಜೊತೆ 404 ಅಂತ ಇತ್ತು. ಸರ್ಕಾರ ಬ್ಲಾಕ್ ಮಾಡಿದ ಸೈಟ್ ತೆರೆದ್ರೆ ಬರ್ತಿದ್ದ ಎರರ್ ನಂಬರ್ ಅದು. 2011ರ ಜನವರಿ 6ಕ್ಕೆ ಪೊಲೀಸರು ಎತ್ತಾಕ್ಕೊಂಡು ಹೋದ್ರು. 13ಕ್ಕೆ ಬಿಟ್ರು. 14ಕ್ಕೆ ಸರ್ವಾಧಿಕಾರಿ ಬೆನ್ ಅಲಿ ದೇಶ ಬಿಟ್ಟು ಓಡಿದ. 17ಕ್ಕೆ ಹೊಸ ಸರ್ಕಾರ, ಅದರಲ್ಲಿ ಅಮಾಮು ಯುವಜನ ಮತ್ತು ಕ್ರೀಡೆಯ ರಾಜ್ಯ ಕಾರ್ಯದರ್ಶಿ, ನಮ್ಮ ಲೆಕ್ಕದಲ್ಲಿ ರಾಜ್ಯ ಖಾತೆ ಸಚಿವ. ಲಾಕಪ್‌ನಿಂದ ಸಂಪುಟಕ್ಕೆ ನಾಲ್ಕು ದಿನ.

ಗೆಳೆಯರು ಬೈದ್ರು. ಯಾಕಂದ್ರೆ ಆ ಸರ್ಕಾರದಲ್ಲಿ ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ಎಲ್ಲ ಹಳೇ ಪಕ್ಷದವರ ಕೈಯಲ್ಲೇ ಇತ್ತು. ಕಾರ್ಮಿಕ ಸಂಘಟನೆಯಿಂದ ಬಂದಿದ್ದ ಮೂವರು ಮಂತ್ರಿಗಳು ಮಾರನೇ ದಿನವೇ ಹೊರಗೆ ನಡೆದ್ರು. ಅಮಾಮು ಹೋಗ್ಲಿಲ್ಲ. ಒಳಗೆ ಕೂತು ನೋಡ್ತೀನಿ ಅಂದ, ಸಂಪುಟ ಸಭೆಯಿಂದಲೇ ಟ್ವೀಟ್ ಮಾಡಿದ. ಮೇ ತಿಂಗಳಲ್ಲಿ ಸೇನೆ ಕೇಳಿತು ಅಂತ ಸರ್ಕಾರ ಮತ್ತೆ ಕೆಲವು ವೆಬ್‌ಸೈಟ್ ಬ್ಲಾಕ್ ಮಾಡಿದಾಗ ರಾಜೀನಾಮೆ ಕೊಟ್ಟ.

ಮಾರನೇ ದಿನವೇ ಹೊರಗೆ ನಡೆದವರು ಸರಿಯಾ, ನಾಲ್ಕು ತಿಂಗಳು ಕೂತವನು ಸರಿಯಾ? ನನ್ನ ಕೋ-ಹೋಸ್ಟ್ ಹೊರಗೆ ನಡೆದವರ ಪರ, ಬೇಕಾದ್ರೆ ಅವಳಿಗೆ ಮೆಸೇಜ್ ಮಾಡಿ ಜಗಳ ಆಡಿ. ನಾನು ಅಮಾಮು ಪರ. ಒಳಗೆ ಹೋಗುವಾಗ ಯಾವ ಒಂದು ವಿಷಯಕ್ಕೆ ಎದ್ದು ಬರ್ತೀನಿ ಅನ್ನೋದು ಅವನಿಗೆ ಗೊತ್ತಿತ್ತು ಅಂತ ನನಗನ್ಸುತ್ತೆ. ಅದು ಬಂದ ದಿನ ಎದ್ದು ಬಂದ. ಮಜಾ ಅಂದ್ರೆ, ಮಾರನೇ ದಿನವೇ ಹೊರನಡೆದ ಆ ಮೂವರಲ್ಲಿ ಒಬ್ಬರಾದ ಹುಸೇನ್ ದಿಮಾಸಿ ಅದೇ ವರ್ಷದ ಕೊನೆಗೆ, ಚುನಾವಣೆ ಆದ ಮೇಲೆ ಬಂದ ಸರ್ಕಾರದಲ್ಲಿ ಹಣಕಾಸು ಮಂತ್ರಿ ಆದ್ರು. 2012ರ ಜುಲೈನಲ್ಲಿ ಸರ್ಕಾರದ ಖರ್ಚಿನ ವಿಚಾರದಲ್ಲಿ ಒಪ್ಪದೆ ಮತ್ತೆ ರಾಜೀನಾಮೆ!

ಬಾಗ್ದಾದ್‌ನ ಹಣಕಾಸು ಖಾತೆ ಕೊಟ್ರೆ? ನನ್ನ ಕೆಳಗಿನ ತೆರಿಗೆ ಮುಖ್ಯಸ್ಥನನ್ನ, ಬ್ಯಾಂಕ್ ಮುಖ್ಯಸ್ಥನನ್ನ ನಾನೇ ಆರಿಸ್ತೀನಿ, ಪ್ರತಿ ತಿಂಗಳ ಖಾತೆ ಸ್ಟೇಟ್‌ಮೆಂಟ್ ವೆಬ್‌ಸೈಟ್‌ನಲ್ಲಿ ಹಾಕ್ತೀನಿ ಅಂತ ಬರೆದು ಕಳಿಸ್ತೀನಿ. ಆ ಪತ್ರಕ್ಕೆ ಉತ್ತರ ಬರಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದ್ರೆ ಅಲ್ಲಾವಿ ಎಲ್ಲಾ ಗೊತ್ತಿದ್ದೂ ಯಾಕೆ ಎರಡನೇ ಸಲ ಹೋದ್ರು ಅನ್ನೋದು ನನ್ನನ್ನ ಇನ್ನೂ ಕಾಡ್ತಿದೆ. ತಾನು ಹುಟ್ಟಿದ ಊರು ಅದು. ನನಗೆ ಬಾಗ್ದಾದ್ ಬೇಡ ಅನ್ನೋದು ಸುಲಭ. ಇದೇ ಕರೆ ವಿಧಾನಸೌಧದಿಂದ ಬಂದಿದ್ರೆ ಇಷ್ಟು ಬೇಗ ಬೇಡ ಅಂತಿದ್ನಾ, ಗೊತ್ತಿಲ್ಲ.

ನಿಮಗೆ ಯಾವ ದೇಶ, ಯಾವ ಖಾತೆ, ಮತ್ತು ಯಾವ ವಿಷಯಕ್ಕೆ ರಾಜೀನಾಮೆ? ಒಂದು ನಿಮಿಷದೊಳಗೆ ವಾಯ್ಸ್ ನೋಟ್ ಮಾಡಿ ಕಳಿಸಿ, ಚೆನ್ನಾಗಿರೋದನ್ನ ಮುಂದಿನ ವಾರ ಹಾಕ್ತೀವಿ. ಗಲ್ಫ್‌ನಲ್ಲಿ ಕೂತು ಕೇಳ್ತಿರೋರು ಹೆಸರು ಹೇಳೋದು ಬೇಡ. ಮಾವ ಕೂಡ ಈ ಎಪಿಸೋಡ್‌ನಲ್ಲಿ ತನ್ನ ಹೆಸರು ಬೇಡ ಅಂದಿದ್ದಾರೆ, ವಾಪಸ್ ಬಂದು ಎಂಟು ವರ್ಷ ಆದ್ರೂ.